ಆಕಿ ಪಾಳಿ

ಎಷ್ಟು ಸಲ ಮುಖ ತೊಳೆದುಕೊಂಡರೂ ನಮ್ಮ ಮಾವನ ಹುಬ್ಬಿನಲ್ಲಿ ಕೆಂಪು ಧೂಳು ಉಳಿದೇ ಇರುತ್ತಿತ್ತು. ಗಿಣಿಗೇರಾದ ಪಕ್ಕದ ಕಾರ್ಖಾನೆಯಲ್ಲಿ, ಅದಿರು ಪುಡಿ ಮಾಡುವ ಯಂತ್ರದ ಹತ್ತಿರ ಅವರ ಕೆಲಸ. ಕುಷ್ಟಗಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ, ಗಂಡನ ಅಪ್ಪ ಹುಬ್ಬಿಗೆ ಬಣ್ಣ ಹಚ್ಚುವ ಶೋಕಿಯವರಿರಬೇಕು ಎಂದುಕೊಂಡಿದ್ದೆ. ತಲೆದಿಂಬಿನ ಬಟ್ಟೆ ಒಗೆಯುವುದು ನನ್ನ ಪಾಲಿಗೆ ಬಂದ ಮೇಲೆ ಗೊತ್ತಾಯಿತು.

ಮನೆಗೆ ಬಂದವರೇ ಮೊಬೈಲಿನಲ್ಲಿ ಹಳೆಯ ಸಿನಿಮಾ ಹಾಡು ಹಚ್ಚುತ್ತಿದ್ದರು. ಬಹುಪಾಲು ಒಬ್ಬಳೇ ಗಾಯಕಿಯವು. ಆಕೆಯ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. 'ಆಕಿ' ಅಂದರೆ ಆಕೆಯೇ. ಗಂಡು ಹೆಣ್ಣು ಕೂಡಿ ಹಾಡುವ ಹಾಡಿನಲ್ಲಿ ಗಾಯಕನ ಸಾಲು ಮುಗಿಯುತ್ತಿದ್ದಂತೆ ಮಾವ ಕೈ ಎತ್ತಿ, "ಆಕಿ ಪಾಳಿ ಬಂತು" ಎನ್ನುತ್ತಿದ್ದರು. ಜೀವಮಾನವೆಲ್ಲ ಪಾಳಿಯ ಮೇಲೆ ದುಡಿದವರಿಗೆ ಹಾಡಿನೊಳಗೂ ಪಾಳಿಯೇ. ಆಗ ಯಾರೂ ಮಾತಾಡುವಂತಿರಲಿಲ್ಲ. ಅತ್ತೆ ಮಾತ್ರ ಬೇಕೆಂದೇ ರೊಟ್ಟಿ ಜೋರಾಗಿ ಬಡಿಯುತ್ತಿದ್ದರು. ಅಷ್ಟು ಛಲೋ ಇದ್ದರೆ ಆಕೆಯನ್ನೇ ಕರೆದುಕೊಂಡು ಬರ್ರಿ, ರೊಟ್ಟಿಯನ್ನೂ ಆಕೆಯೇ ಬಡಿಯಲಿ ಎಂದು ಒಮ್ಮೆ ಚುಚ್ಚಿದರು. ಮಾವ ಪಾಳಿ ಮುಗಿಯುವವರೆಗೆ ತಡೆದುಕೊಂಡು, ಆಮೇಲೆ ನಕ್ಕರು.

ನನಗೂ ಕಾಲೇಜಿನ ದಿನಗಳಿಂದ ಒಬ್ಬ ಹೊಸ ಗಾಯಕನ ಹುಚ್ಚಿತ್ತು. ಸಾಲಿನ ತುದಿಗೆ ಅವನ ದನಿ ಒಡೆದರೆ ನನ್ನ ಕಣ್ಣು ತುಂಬುತ್ತಿತ್ತು. ಮಾವನಿಗೆ ಕೇಳಿಸಿದೆ. ಅವರು ಪೂರ್ತಿ ಕೇಳಿ, "ಹುಡುಗ ಛಲೋ ಹಾಡ್ತಾನ. ಆದ್ರ ಅಳ್ತೀನಿ ಅಂತ ಮೊದ್ಲ ಹೇಳಿ, ಆಮ್ಯಾಲ ಅಳ್ತಾನ" ಎಂದರು. ಸಿಟ್ಟು ನೆತ್ತಿಗೇರಿತು. ಅಂದಿನಿಂದ ಅವನ ಹಾಡು ಹಚ್ಚಿದರೆ ಅಳುವ ಸುಳಿವು ಎಲ್ಲಿ ಕೊಡುತ್ತಾನೆ ಎಂದೇ ಕಿವಿ ಹೋಗುತ್ತಿತ್ತು. ಹಾಗಾದರೆ ನಿಮ್ಮ 'ಆಕಿ'ಯಲ್ಲಿ ಏನು ಅಂಥದ್ದು ಎಂದು ಜಗಳಕ್ಕೇ ನಿಂತೆ. ಆಕೆ ನಮ್ಮ ಪಡಸಾಲೆಯಲ್ಲಿ ಕೂತು ಹಾಡುತ್ತಾಳೆ ಎಂದಷ್ಟೇ ಹೇಳಿದರು. ನಮ್ಮ ಊರಿನ ಹೆಸರೂ ಕೇಳಿರದ ಹೆಂಗಸು ನಮ್ಮ ಪಡಸಾಲೆಗೆ ಹೇಗೆ ಬರುತ್ತಾಳೆ ಎಂದು ಆಗ ನಕ್ಕುಬಿಟ್ಟೆ.

ಕೆಲಸದಿಂದ ನಿವೃತ್ತರಾದ ಮೇಲೆ ಒಂದು ಮಧ್ಯಾಹ್ನ ಮಾವ ಹಿಟ್ನಾಳದ ಮೊಬೈಲ್ ಅಂಗಡಿಯವನನ್ನು ಬೈಯುತ್ತ ಕೂತಿದ್ದರು. ಹಾಡು ತುಂಬಿಕೊಟ್ಟವನು ಅವನೇ. "ಆಕಿನ್ನ ತಗದ ಹಾಕ್ಯಾನ ನೋಡ ಯವ್ವಾ. ಗಂಡಸಿನ ಪಾಳಿ ಐತಿ, ಆಕಿ ಪಾಳ್ಯಾಗ ಬರೇ ತಬಲಾ ಐತಿ" ಎಂದು ಫೋನನ್ನು ನನ್ನ ಕೈಗಿಟ್ಟರು. ಕೇಳಿದೆ. ಆಕೆ ಅಲ್ಲೇ ಇದ್ದಳು, ಎಂದಿನ ಹಾಗೆ ತುಂಬಿಕೊಂಡು ಹಾಡುತ್ತಿದ್ದಳು. ಆದರೂ, ಹೌದ್ರಿ, ಹಾಡು ಕೆಟ್ಟಿರಬೇಕು ಎಂದೆ.

ಗಂಡ ಅವರನ್ನು ಕೊಪ್ಪಳದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಯಂತ್ರದ ಸಪ್ಪಳ ಕಿವಿಯನ್ನು ತಿನ್ನುವಾಗ ಸಣ್ಣ ದನಿಗಳನ್ನೇ ಮೊದಲು ತಿನ್ನುತ್ತದೆ, ದಪ್ಪ ದನಿ ಉಳಿಯುತ್ತದೆ ಎಂದರಂತೆ ಡಾಕ್ಟರು. ಕಿವಿಗೆ ಹಾಕುವ ಯಂತ್ರ ಬಂತು. ಅದರಲ್ಲಿ ಬೋಗುಣಿಗಳ ಸಪ್ಪಳ ಕೇಳಿಸುತ್ತದೆ, ಆಕೆ ಕೇಳಿಸುವುದಿಲ್ಲ ಎಂದು ಮಾವ ತೆಗೆದಿಟ್ಟರು. ಹಾಡು ಹಚ್ಚುವುದನ್ನೇ ಬಿಟ್ಟರು. ಊಟ ಕಡಿಮೆಯಾಯಿತು. ಕೊನೆಗೆ ಅತ್ತೆಯೇ, ಹಚ್ಚರಿ, ನಾನಾದರೂ ಕೇಳುತ್ತೇನೆ ಎಂದರು. ಮಾವ ಕದಲಲಿಲ್ಲ.

ಒಂದು ದಿನ ನಾನು ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಮಾವ ತಾವಾಗಿಯೇ ಫೋನ್ ಹಚ್ಚಿ, ಆಕಿ ಪಾಳಿ ಬಂದಾಗ ಏನನ್ನುತ್ತಾಳೆ ಹೇಳು ಎಂದರು. ಸಾಲುಗಳನ್ನು ಅವರ ಕಿವಿಯ ಹತ್ತಿರ ಹೇಳಿದೆ. "ಸಾಲಿ ಪಾಠ ಓದಿದಂಗ ಓದಬ್ಯಾಡ. ಹಾಡು" ಎಂದರು.

ಇಲ್ಲಿ ಎರಡು ಫಜೀತಿಗಳಿದ್ದವು. ಒಂದು, ಹಾಡಿನ ತುಂಬ ನಲ್ಲ, ಇನಿಯ ಎಂಬ ಮಾತುಗಳು. ಮಾವನೆದುರು ತಲೆಯ ಮೇಲಿನ ಸೆರಗು ಜಾರಿಸದ ಸೊಸೆ ಅವನ್ನು ಹಾಡುವುದೆಂದರೆ! ಇನ್ನೊಂದು, ನನ್ನ ದನಿ. ಅದು ಗಂಡಸರ ದನಿಯಷ್ಟು ದಪ್ಪ. ಸಾಲೆಯ ಪ್ರಾರ್ಥನೆಯಲ್ಲಿ ಟೀಚರು ನನಗೆ ಬಾಯಿ ಮಾತ್ರ ಆಡಿಸು ಎಂದಿದ್ದರು. ಆಮೇಲೆ ನಾನು ಎಲ್ಲಿಯೂ ಹಾಡಿದವಳಲ್ಲ.

ಬೀದಿ ಬಾಗಿಲು ಹಾಕಿ, ಗೋಡೆಯ ಕಡೆ ಮುಖ ಮಾಡಿ ಹಾಡಿದೆ. ತಿರುಗಿ ನೋಡಿದರೆ ಮಾವ ಕಣ್ಣೊರೆಸಿಕೊಳ್ಳುತ್ತಿದ್ದರು. "ಬಂತ್ ಯವ್ವಾ. ನಿನ್ನ ದನಿ ಪೂರಾ ಬಂತು."

ಅಲ್ಲಿಂದ ಅದೇ ರೂಢಿಯಾಯಿತು. ಗಾಯಕನ ಪಾಳಿ ಫೋನಿನದು, ಆಕೆಯ ಪಾಳಿ ನನ್ನದು. ಮಾವ ಸುಮ್ಮನೆ ಕೇಳುವವರಲ್ಲ. ಅಲ್ಲಿ ಆಕೆ ಸ್ವಲ್ಪ ತಡೆಯುತ್ತಾಳೆ, ನೀನು ಬಸ್ ತಪ್ಪಿದವರ ಹಾಗೆ ಓಡುತ್ತೀ ಎನ್ನುತ್ತಿದ್ದರು. ಆಕೆಯಂತೆ ಹಾಡಲು ಹೋಗಿ ನಾನು ಮೊದಲ ಸಲ ಆಕೆಯನ್ನು ಸರಿಯಾಗಿ ಕೇಳಿದೆ. ದುಃಖದ ಮಾತು ಬಂದಾಗ ಆಕೆ ದನಿ ಏರಿಸುವುದಿಲ್ಲ, ಇಳಿಸುತ್ತಾಳೆ. ಉಳಿದದ್ದನ್ನು ಕೇಳುವವರಿಗೆ ಬಿಟ್ಟುಬಿಡುತ್ತಾಳೆ. ನಾಡಿನ ಜನರೆಲ್ಲ ತಮ್ಮ ತಮ್ಮ ಸಂಕಟವನ್ನು ಅಲ್ಲಿ ಇಟ್ಟುಕೊಳ್ಳಲು ಜಾಗ ಸಿಗುತ್ತದೆ. ಮಾವ ಪಡಸಾಲೆ ಎಂದದ್ದು ಇದನ್ನೇ ಎಂದು ನನ್ನ ನಂಬಿಕೆ. ನನ್ನ ಹುಡುಗ ಗಾಯಕ ಆ ಜಾಗವನ್ನೆಲ್ಲ ತಾನೇ ತುಂಬಿಬಿಡುತ್ತಾನೆ, ಪಾಪ. ಅವನನ್ನು ನಾನು ಈಗಲೂ ಬಿಟ್ಟಿಲ್ಲ.

ಹೋದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಕೊನೆಯ ವಾರ ಮಾತು ನಿಂತಿತ್ತು. ನಾನು ಹಾಸಿಗೆಯ ಪಕ್ಕ ಕೂತು ಹಾಡುವಾಗ ತಪ್ಪಿದ ಕಡೆ ಬೆರಳು ಅಲ್ಲಾಡುತ್ತಿತ್ತು. ಒಂದು ಮುಂಜಾನೆ ಬೇಕೆಂದೇ ತಪ್ಪಿದೆ. ಬೆರಳು ಅಲ್ಲಾಡಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ಮಧ್ಯಾಹ್ನ ಮನೆಯಲ್ಲಿ ನಾನು, ಅತ್ತೆ ಇಬ್ಬರೇ ಇದ್ದೆವು. ಮಾವನ ಫೋನ್ ತೆಗೆದು ಅವರ ಇಷ್ಟದ ಹಾಡು ಹಚ್ಚಿದೆ. ಗಾಯಕನ ಸಾಲು ಮುಗಿಯಿತು. ನಾನು ಸುಮ್ಮನಿದ್ದೆ, ಆಕೆಯೇ ಹಾಡತೊಡಗಿದಳು, ಸಣ್ಣಗೆ, ಒಂದು ತಪ್ಪಿಲ್ಲದೆ. ಅತ್ತೆ ಅಡಿಗೆಮನೆಯಿಂದ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತರು. ಸ್ವಲ್ಪ ಕೇಳಿ, ತಲೆ ಅಲ್ಲಾಡಿಸಿದರು.

"ಹಿಂಗಲ್ಲ ಅದು," ಎಂದರು. "ಆಕಿನ್ನ ಬಂದ್ ಮಾಡು. ನೀ ಹಾಡು."