ನಡುವಿನ ಸ್ಪೀಕರ್ ಇಲ್ಲದ ಸಿನಿಮಾ

ಭಾವನ ಮನೆಯ ಆರು ಸ್ಪೀಕರುಗಳ ಸದ್ದನ್ನು ತನ್ನ ಹಳೆಯ ಎರಡರಲ್ಲೇ ಹೊರಡಿಸುತ್ತೇನೆಂದು ಕೊರಿಯರ್ ಆಫೀಸಿನ ಗುಮಾಸ್ತ ಜಂಬ ಕೊಚ್ಚಿಕೊಂಡಿದ್ದ. ಸಂಬಳ ಚಿಕ್ಕದಾದ್ದರಿಂದ ಬಾಯಿಯಾದರೂ ದೊಡ್ಡದಿರಬೇಕಿತ್ತು.

ಭಾನುವಾರ ಇವನ ಮನೆಯಲ್ಲಿ ಎಲ್ಲರೂ ಕೂತರು. ಸಿನಿಮಾದಲ್ಲಿ ಗಾಳಿ ಬೀಸಿತು, ಬಾಗಿಲು ಕಿರುಗುಟ್ಟಿತು, ನಾಯಕಿ ಬಾಯಿ ತೆರೆದಳು, ಮಾತೇ ಇಲ್ಲ. ಮಾತೆಲ್ಲ ನಡುವಿನ ಸ್ಪೀಕರಿನ ಪಾಲು, ಅದು ಇವನಲ್ಲಿರಲಿಲ್ಲ.

"ಏನಪ್ಪಾ, ಎಲ್ಲರಿಗೂ ಗಂಟಲು ಕಟ್ಟಿದೆಯಾ?" ಎಂದ ಭಾವ.

ಇವನು ಬೆವರುತ್ತ ರಿಮೋಟ್ ಒತ್ತುವಾಗ, ಕಿವಿ ಮಂದವಾಗಿ ತುಟಿ ನೋಡಿಯೇ ಸಿನಿಮಾ ನೋಡುತ್ತಿದ್ದ ಅಜ್ಜಿ ತೆರೆಯ ಮೇಲಿನವರ ಮಾತನ್ನು ಹೇಳಲು ಶುರುಮಾಡಿದಳು. "ನೀನು ಗೊರಕೆ ಹೊಡೀತೀಯ, ಒಲ್ಲೆ ಅಂತಿದಾಳೆ. ನಿಮ್ಮಪ್ಪನಷ್ಟಿಲ್ಲ ಬಿಡು ಅಂತಾನೆ ಹೀರೋ."

ಮನೆಮಂದಿ ಬಿದ್ದುಬಿದ್ದು ನಕ್ಕರು. ಹೊರಡುವಾಗ ಭಾವ ಮೆಲ್ಲಗೆ ಕೇಳಿದ: "ನಮ್ಮನೇಲೂ ನಡುವಿನದನ್ನ ಕಿತ್ತುಹಾಕ್ತೀನಿ. ಅಜ್ಜೀನ ಕಳಿಸ್ತೀಯಾ?"