ರಾಣಿಯ ಮೂಗು ಎಲ್ಲಿ ಹೋಯಿತು

ಕಣ್ಣಿನ ಪೊರೆ ತೆಗೆಸಿದ ಮೇಲೆ ದೊಡ್ಡವ್ವನಿಗೆ ಮೊಟ್ಟಮೊದಲು ಸ್ಪಷ್ಟವಾಗಿ ಕಂಡದ್ದು ನನ್ನ ಅವ್ವನ ಕಳ್ಳತನ. ಮೊಮ್ಮಕ್ಕಳ ಮುಖ, ಗೋಡೆಯ ಮೇಲಿನ ದೊಡ್ಡಪ್ಪನ ಫೋಟೊ, ಅಡುಗೆಮನೆಯ ಮೂಲೆಯ ಜೇಡರ ಬಲೆ, ಇವೆಲ್ಲ ಆಮೇಲೆ ಕಂಡವು.

ದೊಡ್ಡವ್ವ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅವರ ಮನೆ ರಬಕವಿಯಲ್ಲಿ, ನಮ್ಮದು ಬನಹಟ್ಟಿಯಲ್ಲಿ. ಎರಡೂ ಸೇರಿ ಒಂದೇ ಊರು ಎಂದು ನಗರಸಭೆಯ ಬೋರ್ಡು ಹೇಳುತ್ತದೆ. ನಮ್ಮ ಮನೆತನ ಅದನ್ನಿನ್ನೂ ಒಪ್ಪಿಲ್ಲ. ಅಪ್ಪ, ದೊಡ್ಡಪ್ಪ ಬೇರೆಯಾದಾಗ ಮಗ್ಗ, ಹೊಲ, ಹಂಡೆ, ಕೊಡ ಎಲ್ಲವೂ ಎರಡು ಪಾಲಾದವು. ಪಾಲು ಮಾಡಲಾಗದೆ ಉಳಿದದ್ದು ದೇವರ ಜಗಲಿಯ ಮೇಲಿದ್ದ ಒಂದು ಬೆಳ್ಳಿ ರೂಪಾಯಿ, ಬ್ರಿಟಿಷರ ಕಾಲದ ರಾಣಿ ಛಾಪಿನದು. ಅದಕ್ಕೆ ಸರದಿ ಹಚ್ಚಿದರು. ಒಂದು ದೀಪಾವಳಿಯಿಂದ ಮುಂದಿನ ದೀಪಾವಳಿಯವರೆಗೆ ಅವರ ಮನೆ, ಆಮೇಲೆ ನಮ್ಮ ಮನೆ. ಅಣ್ಣ ತಮ್ಮ ಇಬ್ಬರೂ ತೀರಿಹೋದರು, ಸರದಿ ತಪ್ಪಲಿಲ್ಲ.

ಈ ಸಲ ಅವರ ಸರದಿ. ಅವ್ವ ಎಂದಿನಂತೆ ರೂಪಾಯಿಯನ್ನು ಹುಣಸೆಹಣ್ಣು ಹಚ್ಚಿ ತೊಳೆದು, ಹೊಸ ಖಣದ ತುಂಡಿನಲ್ಲಿ ಸುತ್ತಿ ಒಯ್ದು ಕೊಟ್ಟಳು. ದೊಡ್ಡವ್ವ ಬಿಚ್ಚಿದಳು, ಹೊಸ ಕಣ್ಣಿಗೆ ಹತ್ತಿರ ಹಿಡಿದಳು.

“ಇದು ನಮ್ಮ ರೂಪಾಯಿ ಅಲ್ಲ. ನಮ್ಮದರ ಮ್ಯಾಲೆ ರಾಣಿ ಮಾರಿ ಇತ್ತು. ಇದಕ್ಕ ಮೂಗೂ ಇಲ್ಲ, ಬಾಯೀನೂ ಇಲ್ಲ. ಯಾರೋ ಬದಲಿ ಮಾಡ್ಯಾರ.”

ಯಾರೋ ಅನ್ನುವಾಗ ಆಕೆ ಅವ್ವನ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ, ಸರದಿಯ ಮನೆಗಳು ಎರಡೇ. ದೊಡ್ಡವ್ವನ ಇಬ್ಬರು ಸೊಸೆಯರು ಮಾತ್ರ ಅವ್ವನನ್ನು ಚೆನ್ನಾಗಿ ನೋಡಿದರು. ರೂಪಾಯಿ ಖೋಟಾ ಎಂದಾದರೆ ಅವ್ವ ಕಳ್ಳಿ ಎಂದಾಗುತ್ತಿತ್ತು. ಎಪ್ಪತ್ತು ದಾಟಿದ ಮೇಲೆ.

ತಕ್ಷಣ ಪರೀಕ್ಷೆ ಶುರುವಾಯಿತು. ಅಣ್ಣ, ಅಂದರೆ ದೊಡ್ಡವ್ವನ ಹಿರಿಯ ಮಗ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ಕಿತ್ತು ತಂದ. ರೂಪಾಯಿ ಅಂಟಲಿಲ್ಲ.

“ಹಿತ್ತಾಳಿನೂ ಅಂಟಂಗಿಲ್ಲ,” ಅಂದಳು ದೊಡ್ಡವ್ವ.

ಮುಧೋಳದಲ್ಲಿರುವ ಅಣ್ಣನ ಬೀಗರು ಮೊಬೈಲಿಗೆ ಒಂದು ವಿಡಿಯೊ ಕಳಿಸಿದರು. ಬೆಳ್ಳಿಯ ಮೇಲಿಟ್ಟ ಬರ್ಫ ಬೇಗ ಕರಗುತ್ತದಂತೆ. ಇಟ್ಟೆವು, ಕರಗಿತು.

“ಫ್ಯಾನ್ ಹಚ್ಚೀರಿ, ಅದಕ್ಕ ಕರಗೇತಿ.”

ಫ್ಯಾನ್ ಆರಿಸಿ ಇನ್ನೊಂದು ತುಂಡು ಇಟ್ಟೆವು. ಅದೂ ಕರಗಿತು.

“ಫ್ಯಾನ್ ಇಲ್ಲಲ, ಸೆಕಿ ಭಾಳ ಐತಿ.”

ಸಪ್ಪಳ ಕೇಳಬೇಕೆಂದು ಅಣ್ಣ ರೂಪಾಯಿಯನ್ನು ನೆಲಕ್ಕೆ ಬಡಿದ. ಹೊಸದಾಗಿ ಹಾಕಿಸಿದ್ದ ಟೈಲ್ಸಿನ ಮೂಲೆ ಒಡೆಯಿತು. ಆ ಪಾಪವೂ ಅವ್ವನ ತಲೆಗೇ ಬಂತು. ಇನ್ನು ನಾನು. ಪ್ರೌಢಶಾಲೆಯಲ್ಲಿ ಇಷ್ಟು ವರ್ಷ ವಿಜ್ಞಾನ ಕಲಿಸಿದವನು, ಲೋಹಗಳ ಗುಣಧರ್ಮಗಳನ್ನು ನಿದ್ದೆಯಲ್ಲೂ ಹೇಳಬಲ್ಲವನು, ರೂಪಾಯಿಯನ್ನು ಎರಡು ಸಲ ಮೂಸಿ ನೋಡಿದೆ. ನನ್ನ ವಿಜ್ಞಾನ ಅಲ್ಲಿಯವರೆಗೆ ಹೋಯಿತು. ಅಷ್ಟಕ್ಕೇ ನಿಲ್ಲಿಸಿದ್ದರೂ ನಡೆಯುತ್ತಿತ್ತು. ಆದರೆ ಅಂಚನ್ನು ಬೆರಳಿನಿಂದ ಸವರಿದಾಗ ಒಂದು ಮಗ್ಗುಲಿಗೆ ಸಣ್ಣ ಗೆರೆಗಳೇ ಇಲ್ಲದ್ದು ಗೊತ್ತಾಯಿತು. ಅಸಲಿ ನಾಣ್ಯಕ್ಕೆ ಸುತ್ತಲೂ ಗೆರೆ ಇರಬೇಕು. ಜಾಣತನ ಹೊಟ್ಟೆಯಲ್ಲಿ ನಿಲ್ಲದೆ ಅದನ್ನು ಎಲ್ಲರಿಗೂ ತೋರಿಸಿದೆ. ದೊಡ್ಡವ್ವ ನನ್ನನ್ನು ಶಾಣ್ಯಾ ಎಂದು ಹೊಗಳಿದ್ದು ಅದೇ ಮೊದಲ ಸಲ.

ಮನೆಗೆ ಬರುವ ಆಟೋದಲ್ಲಿ ಅವ್ವನನ್ನು ಕೇಳಿದೆ.

“ಯವ್ವಾ, ತಿಕ್ಕಿ ಹೊಳಪು ಮಾಡಾಕಂತ ಯಾರಿಗರ ಕೊಟ್ಟಿದ್ದೇನು? ನೆನಪು ಮಾಡಿಕೊ.”

ಇದು ಸಂಶಯವಲ್ಲ, ಬರೀ ಮಾಹಿತಿಗಾಗಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವ್ವ ಆಟೋದ ಕಂಬಿ ಹಿಡಿದು ಹೊರಗೆ ನೋಡುತ್ತ ಕುಳಿತಳು.

ಎರಡು ದಿನ ಬಿಟ್ಟು ದೊಡ್ಡವ್ವ, ಅಣ್ಣ, ಅವ್ವ, ನಾನು ನಾಲ್ವರೂ ಅಣ್ಣನ ಕಾರಿನಲ್ಲಿ ಜಮಖಂಡಿಯ ಪತ್ತಾರರ, ಅಂದರೆ ಅಕ್ಕಸಾಲಿಗರ, ಅಂಗಡಿಗೆ ಹೊರಟೆವು. ದೊಡ್ಡವ್ವ ದಾರಿಯಲ್ಲಿ ತನ್ನ ಹಳೆಯ ಮಾತು ತೆಗೆದಳು. ನಮ್ಮ ಕಡೆ ಎಳೆಗೂಸಿಗೆ ಬಜೆ, ಅಳಲೆಕಾಯಿ, ಜಾಜಿಕಾಯಿಗಳನ್ನು ಸಾಣೆಕಲ್ಲಿನ ಮೇಲೆ ತೇದು, ತಾಯಿಹಾಲಿನಲ್ಲಿ ಕಲಸಿ ನಾಲಿಗೆಗೆ ಸವರುತ್ತಾರೆ. ಅದಕ್ಕೆ ಗುಟ್ಟಿ ಎನ್ನುತ್ತಾರೆ. ಕೊನೆಗೆ ಒಂದೆರಡು ಸುತ್ತು ಬಂಗಾರವನ್ನೂ ತೇಯುತ್ತಾರೆ, ಕೂಸು ಶಾಣ್ಯಾ ಆಗಲಿ ಎಂದು. ಅಣ್ಣನಿಗೆ ತನ್ನ ಮದುವೆಯ ಉಂಗುರ ತೇದು ಕುಡಿಸಿ ಬೆಳೆಸಿದ್ದಾಗಿ ದೊಡ್ಡವ್ವ ಐವತ್ತು ವರ್ಷದಿಂದ ಹೇಳುತ್ತ ಬಂದಿದ್ದಾಳೆ. ಅಣ್ಣ ಪಾಸಾದಾಗೆಲ್ಲ ಕೀರ್ತಿ ಉಂಗುರಕ್ಕೆ ಹೋಗುತ್ತಿತ್ತು, ನಪಾಸಾದಾಗ ಬೈಗುಳ ಮಾಸ್ತರರಿಗೆ.

“ಬಂಗಾರ ಕುಡದ ಬೆಳದಾಂವ ನನ್ನ ಮಗ. ಇಂಥಾ ಮನ್ಯಾಗ ಖೋಟಾ ರೂಪಾಯಿ ಬಂದು ಕುಂತೈತಿ ನೋಡು,” ಅಂದಳು.

ಪತ್ತಾರರು ವಯಸ್ಸಾದವರು, ಯಾವುದಕ್ಕೂ ಅವಸರವಿಲ್ಲ. ರೂಪಾಯಿಯನ್ನು ಒರೆಗಲ್ಲಿಗೆ ಹಚ್ಚಿದರು, ಗೆರೆಯ ಮೇಲೆ ಆ್ಯಸಿಡ್ಡಿನ ಹನಿ ಬಿಟ್ಟರು, ತೂಕ ಮಾಡಿದರು. ಕಣ್ಣಿಗೆ ಭೂತಗನ್ನಡಿ ಹಚ್ಚಿ ತಿರುಗಿಸಿ ತಿರುಗಿಸಿ ನೋಡಿದರು.

“ಬೆಳ್ಳಿ ಖರೇದು. ರೂಪಾಯೀನೂ ಖರೇದ,” ಅಂದರು. “ಹಿಂದಿನ ಮಗ್ಗಲ ನೋಡ್ರಿ, ಇಸವಿ ಇನ್ನೂ ಕಾಣಸ್ತೈತಿ. ಆದರ ತೂಕ ಕಮ್ಮಿ ಐತಿ. ಕೈಯಾಗ ಓಡ್ಯಾಡಿ ಸವದದ್ದಲ್ಲ ಇದು. ಹಂಗಾಗಿದ್ದರ ಎರಡೂ ಮಗ್ಗಲ ಒಂದ ಸಮ ಸವೀತಿದ್ವು. ಇದನ್ನ ಒಂದ ಕಡೆ ಓರಿ ಹಿಡದು ಕಲ್ಲಿಗೆ ತೇದಾರ.”

“ನಾ ಹೇಳಿದ್ದಿಲ್ಲೇನು? ಬೆಳ್ಳಿ ತಗದಾರ,” ಅಂದಳು ದೊಡ್ಡವ್ವ.

ಆರೋಪ ಬದಲಾಯಿತು, ಆರೋಪಿ ಬದಲಾಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಅವ್ವ ಮಾತಾಡಿದಳು.

“ತೇದದ್ದು ಖರೆ ಐತ್ರಿ. ಮೊದಲ ನಮ್ಮ ಅತ್ತಿ ತೇದ್ರು, ಆಮ್ಯಾಲ ನಾ ತೇದೆ. ಹುಡುಗೂರ ಗುಟ್ಟಿಗೆ.” ಆಮೇಲೆ ದೊಡ್ಡವ್ವನ ಕಡೆ ತಿರುಗಿದಳು. ಧ್ವನಿ ಏರಲಿಲ್ಲ. “ಅಕ್ಕಾರ, ನಾ ಮದುವಿ ಆಗಿ ಬಂದಾಗ ನಿಮ್ಮ ಮಗ ತೊಟ್ಟಿಲದಾಗ ಇದ್ದ. ಅತ್ತಿ ಉಂಗುರ ಕೇಳಿದ್ರು. ಸವೀತೈತಿ ಅಂತ ನೀವು ಬೆರಳಿಂದ ತಗೀಲಿಲ್ಲ. ಜಗಲಿ ಮ್ಯಾಲಿನ ರೂಪಾಯಿ ತೇಯ್ರಿ, ಅದೂ ನಡೀತೈತಿ ಅಂದ್ರಿ. ನಿಮ್ಮ ಮಗಗೂ ಅದ, ನನ್ನ ಮಗಗೂ ಅದ. ಓಣ್ಯಾನ ಕೂಸುಗೋಳಿಗೂ ಅದ.”

ಪತ್ತಾರರ ಕಣ್ಣು, ಕಸುಬಿನ ಚಾಳಿಯಿಂದ, ದೊಡ್ಡವ್ವನ ಬೆರಳಿಗೆ ಹೋಯಿತು. ಐವತ್ತು ವರ್ಷದ ಉಂಗುರದ ಮೇಲೆ ಹೂವಿನ ಎಸಳು ಒಂದೊಂದೂ ಎಣಿಸುವಷ್ಟು ಸ್ಪಷ್ಟವಾಗಿತ್ತು. ದೊಡ್ಡವ್ವ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅಣ್ಣ ಮೂಗಿಲ್ಲದ ರಾಣಿಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ತನ್ನ ಶಾಣ್ಯಾತನ ಬಂಗಾರದ್ದಲ್ಲ, ಬೆಳ್ಳಿಯದು ಎಂಬ ಸುದ್ದಿ ಅರಗಲು ಯಾರಿಗಾದರೂ ಹೊತ್ತು ಬೇಕು. ನನಗೆ ಖುಷಿಯಾಯಿತು. ಸುಳ್ಳು ಯಾಕೆ, ಬಹಳ ಖುಷಿಯಾಯಿತು.

“ಚಾ ಕುಡದ ಹೋಗೂಣು ನಡೀರಿ,” ಅಂದಳು ದೊಡ್ಡವ್ವ. ನಮ್ಮ ಮನೆತನದಲ್ಲಿ ತಪ್ಪಾಯಿತು ಎಂದು ಹೇಳುವ ರೀತಿ ಅದು. ಅವ್ವ ಚಹಾ ಕುಡಿದಳು, ರೂಪಾಯಿಯನ್ನು ಖಣದಲ್ಲಿ ಸುತ್ತಿ ದೊಡ್ಡವ್ವನ ಕೈಗೇ ಕೊಟ್ಟಳು, ಸರದಿ ಅವರದಲ್ಲವೇ. ಕಾರಿಗೆ ಮಾತ್ರ ಹತ್ತಲಿಲ್ಲ. ಬಸ್ಸಿಗೆ ಹೋಗೋಣ ಅಂದಳು.

ಬಸ್ಸಿನಲ್ಲಿ ನಾನು ಗೆದ್ದವನ ಗತ್ತಿನಲ್ಲಿ ಕುಳಿತಿದ್ದೆ.

“ಮೊದಲನೇ ದಿನಾನ ಯಾಕ ಹೇಳಲಿಲ್ಲ ಯವ್ವಾ?”

“ಆಕಿ ಸೊಸಿಂದ್ರ ಮುಂದ ಏನಂತ ಹೇಳ್ಲಿ? ಉಂಗುರದ್ದೊಂದು ಮಾತು ಆಕಿಗೆ ಇರ್ಲಿ ಅಂತ ಬಿಟ್ಟಿದ್ದೆ.”

ಮುಂದೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂದು ಬಸ್ಸು ನಿಧಾನವಾಯಿತು. ಅವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು.

“ಆಕಿಗೆ ಕಣ್ಣು ಕಾಣ್ತಿದ್ದಿಲ್ಲ, ಮರತಾಳ. ಆಕಿ ಮ್ಯಾಲೆ ನನಗ ಸಿಟ್ಟಿಲ್ಲ. ಯಾರಿಗರ ಕೊಟ್ಟಿದ್ದೇನು ಅಂತ ಆಟೋದಾಗ ನೀ ಕೇಳಿದೆಲ್ಲ ತಮ್ಮಾ, ನೀನೂ ಅದನ್ನ ಕುಡದ ಬೆಳದಾಂವ.”