ವಾರ್ಡಿನಿಂದ ಸ್ಟೂಲು ತೆಗೆಸಿದವರು

ಮೊನ್ನೆ ಬದನೆಕಾಯಿ ಹೆಚ್ಚುವಾಗ ಬೆರಳು ಕೊಯ್ದುಕೊಂಡೆ. ಸೊಸೆ ಓಡಿಬಂದು ಅರಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒತ್ತಿ ಹಿಡಿದಳು. ಉರಿಗೆ ಕಣ್ಣಲ್ಲಿ ನೀರು ಬಂತು, ಆ ವಾಸನೆಗೆ ಸಿಟ್ಟು ಬಂತು. ನಗಬೇಡಿ. ಸ್ಪಿರಿಟ್ ವಾಸನೆ ಬಂದರೆ ಕೆಲವರಿಗೆ ತಲೆ ಸುತ್ತುತ್ತದೆ, ಕೆಲವರಿಗೆ ಹೊಟ್ಟೆ ತೊಳಸುತ್ತದೆ. ನನಗೆ ಮಾತ್ರ ಎಂಬತ್ತರ ದಶಕದ ಕೊನೆಯ ರಾಯಬಾಗದ ಒಂದು ಖಾಸಗಿ ಹೆರಿಗೆ ದವಾಖಾನೆ ನೆನಪಾಗಿ ಮೈಯೆಲ್ಲ ಉರಿಯುತ್ತದೆ.

ಆ ದವಾಖಾನೆಯ ಬಾಗಿಲಲ್ಲಿ ಕೂತು ನಾನು ಚೀಟಿ ಬರೆಯುತ್ತಿದ್ದೆ. ಮೇಜಿನ ಮೇಲೆ ಕಪ್ಪು ಟೆಲಿಫೋನ್ ಇತ್ತು. ಅದನ್ನು ಎತ್ತಿ 'ಹಲೋ' ಎನ್ನುವ ಅಧಿಕಾರ ನನ್ನದು. ಆ ಹಲೋವನ್ನು ನಾನು ಮನೆಯಲ್ಲಿ ಹಿತ್ತಲಿಗೆ ಹೋಗಿ ಅಭ್ಯಾಸ ಮಾಡುತ್ತಿದ್ದೆ. ನಮ್ಮಣ್ಣ ಎಮ್ಮೆ ಕೂಗಿದಾಗಲೆಲ್ಲ "ತಂಗಿ, ನಿನ್ನ ಫೋನ್ ಬಂದೈತಿ ನೋಡ" ಎಂದು ಕಾಡುತ್ತಿದ್ದ. ಕಾಡಲಿ, ನನಗೇನು? ಇಡೀ ಓಣಿಯಲ್ಲಿ ನೌಕರಿಗೆ ಹೋಗುವ ಹುಡುಗಿ ನಾನೊಬ್ಬಳೇ ಇದ್ದೆ.

ನಮ್ಮ ಡಾಕ್ಟರ್ ಸಾಹೇಬರ ಕೈಗುಣ ದೊಡ್ಡದು. ಅದನ್ನು ಇಲ್ಲವೆನ್ನಲಾರೆ. ಕಬ್ಬಿನ ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಬಂದ ಹೆಂಗಸರು ಕೂಸನ್ನೆತ್ತಿಕೊಂಡು ನಡೆದು ಹೋಗಿದ್ದನ್ನು ನಾನೇ ನೋಡಿದ್ದೇನೆ. ರೋಗಿಗಳನ್ನು 'ಅವ್ವಾ', 'ತಾಯಿ' ಎಂದೇ ಮಾತಾಡಿಸುತ್ತಿದ್ದರು. ಅದೇ ಬಾಯಿ ಸಿಸ್ಟರುಗಳ ಕಡೆ ತಿರುಗಿದರೆ ಬೇರೆಯವರದೇ ಆಗುತ್ತಿತ್ತು. ಇಕ್ಕಳ ಕೊಡುವುದು ಒಂದು ಉಸಿರು ತಡವಾದರೆ ರೋಗಿಯ ಎದುರಿಗೇ "ಸಗಣಿ ಬಳಿಯಾಕ ಲಾಯಕ್ಕದೀರಿ" ಎನ್ನುತ್ತಿದ್ದರು. ಬೈಸಿಕೊಂಡ ಸಿಸ್ಟರು ಹೊರಗೆ ಬಂದು ಆಯಾಳನ್ನು ಬೈಯುತ್ತಿದ್ದಳು, ಆಯಾ ಬಾಳಂತಿಯ ಅತ್ತೆಯನ್ನು ಬೈಯುತ್ತಿದ್ದಳು. ಒಬ್ಬರ ನಾಲಿಗೆ ಇಡೀ ದವಾಖಾನೆಯ ನಾಲಿಗೆ ಆಗಿಬಿಟ್ಟಿತ್ತು. ಇದನ್ನೇ ಅವರು ಶಿಸ್ತು ಎಂದು ಕರೆಯುತ್ತಿದ್ದರು.

ಈ ಶಿಸ್ತಿಗೆ ಅವರ ಹೆಂಡತಿಯೂ ಕೈ ಹಾಕಿದರು. ಅವರನ್ನು ನಾವು ಅತ್ತಿಗೆ ಎಂಬರ್ಥದಲ್ಲಿ 'ವೈನಿ' ಎನ್ನುತ್ತಿದ್ದೆವು. ಒಂದು ದಿನ ಅವರ ತವರಿನ ಕಡೆಯ ಯಾರೋ ದೊಡ್ಡವರು ದವಾಖಾನೆ ನೋಡಲು ಬಂದಾಗ ವಾರ್ಡಿನಲ್ಲಿ ಸಿಸ್ಟರೊಬ್ಬಳು ಸ್ಟೂಲಿನ ಮೇಲೆ ಕೂತಿದ್ದಳಂತೆ. ಮರುದಿನ ವಾರ್ಡಿನಲ್ಲಿದ್ದ ಸ್ಟೂಲುಗಳೆಲ್ಲ ಮಾಳಿಗೆಗೆ ಹೋದವು. "ಕೂತರ ಮೈ ಜಡ್ಡುಗಟ್ಟತೈತಿ. ಬಂದವರ ಮುಂದ ಚಂದ ಕಾಣಂಗಿಲ್ಲ" ಎಂದರು ವೈನಿ. ಫೋನ್ ಇದ್ದುದರಿಂದ ನನ್ನ ಕುರ್ಚಿ ಉಳಿಯಿತು. ಔಷಧ ಕಂಪನಿಯ ಟೈ ಕಟ್ಟಿದವರಿಗೆಂದು ಸಾಹೇಬರ ಕೋಣೆಯಲ್ಲಿಟ್ಟಿದ್ದ ಮೆತ್ತನೆಯ ಕುರ್ಚಿಗಳಂತೂ ಉಳಿದೇ ಉಳಿದವು.

ಆಗ ಕಸ್ತೂರಿ ಬಸುರಿ. ನಮ್ಮ ಸಿಸ್ಟರುಗಳಲ್ಲಿ ಎಲ್ಲರಿಗಿಂತ ಚಿಕ್ಕವಳು, ಹೆಚ್ಚು ಮಾತಿಲ್ಲದವಳು. ಚೊಚ್ಚಿಲು ಬೇರೆ. ದಿನ ತುಂಬುತ್ತ ಬಂದಂತೆ ಅವಳ ಪಾದಗಳು ಚಪ್ಪಲಿಯಲ್ಲಿ ಹಿಡಿಸದಾದವು. ಹಿಮ್ಮಡಿಯ ಕಡೆಯ ಪಟ್ಟಿ ಬಿಚ್ಚಿಕೊಂಡು ಕಾಲೆಳೆಯುತ್ತ ಓಡಾಡುತ್ತಿದ್ದಳು. ನಾನು ವೈನಿಯ ಬಳಿ ಹೋಗಿ "ಕಸ್ತೂರಿಗಿ ಒಂದ ಸ್ಟೂಲ್ ಕೊಡ್ರಿ ವೈನಿ" ಎಂದು ಕೇಳಿದೆ. "ಇವತ್ತ ಆಕಿಗೆ ಕೊಟ್ಟರ ನಾಳೆ ಎಲ್ಲಾರೂ ಬಸುರಾಗ್ತೀರಿ" ಎಂದು ನಕ್ಕರು. ಅದೊಂದು ಚೇಷ್ಟೆ ಎಂದು ಅವರಿಗೆ ಅನಿಸಿತ್ತು.

ಒಂದು ಮುಂಜಾನೆ ಮುಗಳಖೋಡದ ಕಡೆಯ ಬಸುರಿಯೊಬ್ಬಳು ಅತ್ತೆಯೊಡನೆ ಬಂದಳು. ಸಾಹೇಬರ ಕೋಣೆಗೂ ನನ್ನ ಮೇಜಿಗೂ ನಡುವೆ ಒಂದು ಪರದೆ ಮಾತ್ರ ಇತ್ತು. ಫ್ಯಾನಿನ ಗಾಳಿಗೆ ಅದು ಸರಿದಾಗ ಒಳಗಿನದು ಕಾಣುತ್ತಿತ್ತು. ಸಾಹೇಬರು ಆ ಹೆಂಗಸಿನ ಕಾಲನ್ನು ಬೆರಳಿಂದ ಒತ್ತಿ ನೋಡಿದರು.

"ಬಾವು ಬಂದೈತಿ ನೋಡವಾ. ಭಾಳ ಹೊತ್ತು ನಿಂದ್ರಬ್ಯಾಡ. ರೊಟ್ಟಿ ಬಡಿಯೂದಿದ್ರ ಕೂತು ಬಡಿ. ಕಾಲು ಮ್ಯಾಲೆ ಇಟಗೊಂಡು ಮಲಕ್ಕೋ. ಇಲ್ಲಂದ್ರ ನಿನಗೂ ತ್ರಾಸ, ಕೂಸಿಗೂ ತ್ರಾಸ."

ಪಕ್ಕದಲ್ಲಿ ಬಿಪಿ ನೋಡುವ ಪೆಟ್ಟಿಗೆ ಹಿಡಿದು ಕಸ್ತೂರಿ ನಿಂತಿದ್ದಳು. ಅತ್ತೆ ಅವಳ ಹೊಟ್ಟೆ ನೋಡಿದಳು, ಕಾಲು ನೋಡಿದಳು. "ಮತ್ತ ಈ ಬಾಯಿ ನಿಂತಾಳಲ್ರೀ ಸಾಹೇಬ್ರ?"

ಸಾಹೇಬರು ನಕ್ಕರು. "ಆಕಿ ಸಿಸ್ಟರ್ ಅದಾಳ. ಆಕಿಗೆ ರೂಢಿ ಐತಿ."

ಓದುಗರೇ, ಇಷ್ಟು ವರ್ಷವಾದ ಮೇಲೂ ಆ ಮಾತನ್ನು ಬರೆಯುವಾಗ ನನ್ನ ಪೆನ್ನು ಕಾಗದವನ್ನು ತೂತು ಮಾಡುವಷ್ಟು ಒತ್ತುತ್ತದೆ. ಆ ಮನುಷ್ಯನಿಗೆ ವಿದ್ಯೆ ಇರಲಿಲ್ಲವೇ? ಬಾವು ಬಂದ ಬಸುರಿ ಕೂರಬೇಕೆಂಬುದನ್ನು ಆಗಷ್ಟೇ ತಾನೇ ಹೇಳಿದ್ದ. ಆ ವಿದ್ಯೆ ಚೀಟಿ ಮಾಡಿಸಿದವರಿಗೆ ಮಾತ್ರ, ತನ್ನ ಕೈಕೆಳಗಿನವರಿಗೆ ಅಲ್ಲ ಎಂದು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ?

ಅದೇ ವಾರ ಕಸ್ತೂರಿ ವಾರ್ಡಿನಲ್ಲಿ ತಲೆ ಸುತ್ತಿ ಬಿದ್ದಳು. ಕೈಯಲ್ಲಿದ್ದ ಟ್ರೇ ಫರಸಿ ಕಲ್ಲಿನ ನೆಲದ ಮೇಲೆ ಬಿದ್ದ ಸಪ್ಪಳಕ್ಕೆ ಕೂಸುಗಳೆಲ್ಲ ಒಮ್ಮೆಲೇ ಅಳತೊಡಗಿದವು. ವೈನಿ ಬಂದು ನೋಡಿ, "ಮುಂಜಾನೆ ತಿಂದು ಬರಾಕ ಏನಾಗೇತಿ ಈಕಿಗೆ?" ಎಂದು ಹೋದರು.

ಇನ್ನು ವತ್ಸಲಾಬಾಯಿಯ ವಿಷಯ. ಅವರು ನಮ್ಮ ಹಿರಿಯ ಸಿಸ್ಟರು, ನಿಪ್ಪಾಣಿಯವರು. ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಹೆಂಗಸು. ಕಸ್ತೂರಿಗೆ ನೀರು ಕುಡಿಸಿ ಎಬ್ಬಿಸಿದವರೇ ನೆಟ್ಟಗೆ ಸಾಹೇಬರ ಕೋಣೆಗೆ ಹೋದರು. ಅಲ್ಲಿದ್ದ ಒಂದು ಮೆತ್ತನೆಯ ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಾಯುತ್ತಿದ್ದ ಜನರ ನಡುವೆಯೇ ಹಾದು ಬಂದು ವಾರ್ಡಿನ ಬಾಗಿಲಲ್ಲಿಟ್ಟರು.

"ಬಸ್ ಗ ಬಾಯಿ. ಕುಂದ್ರು ಇದರ ಮ್ಯಾಲೆ."

"ಬ್ಯಾಡ್ರೀ ಬಾಯಿ, ಸಾಹೇಬ್ರು ಬರ್ತಾರ."

"ಬರಲಿ. ನಾ ಅದೀನಿ."

ಕಸ್ತೂರಿ ಅಂಚಿಗೆ ಕೂತಳು. ಸಾಹೇಬರು ಬಂದರು.

"ಯಾರು ತಂದ್ರಿ ಇದನ್ನ?"

"ನಾ ತಂದೀನ್ರಿ."

"ಕೇಳಿ ತಂದ್ರೇನು?"

"ಕೇಳಿದ್ರ ಕೊಡತಿದ್ರೇನ್ರಿ?"

"ವತ್ಸಲಾಬಾಯಿ, ಇದು ನನ್ನ ದವಾಖಾನಿ. ಇಲ್ಲಿ ನಾ ಹೇಳಿದಂಗ ನಡೀಬೇಕು."

"ದವಾಖಾನಿ ನಿಮ್ದ ಐತ್ರಿ. ಆ ಹುಡುಗಿ ಕಾಲು ನೀವು ಕೊಂಡಿಲ್ಲಲ್ರೀ."

ಸಾಹೇಬರ ಮುಖ ಕೆಂಪಾಯಿತು. "ನಾಳಿಂದ ಬರಬ್ಯಾಡ್ರಿ" ಎಂದರು.

"ಆತ್ರಿ. ಇವತ್ತಿನ ಕೆಲಸ ಮುಗಿಸಿ ಹೋಗ್ತೀನಿ. ಮೂಲ್ಯಾಗಿನ ಬಾಳಂತಿ ಹೊಲಿಗಿ ಇನ್ನಾ ನೋಡೂದೈತಿ."

ಹಾಗೆಯೇ ಮಾಡಿದರು. ಸಂಜೆ ಕೈ ತೊಳೆದು, ಸೆರಗು ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದರು. ಕುರ್ಚಿ ಅಷ್ಟರೊಳಗೆ ಕಂಪನಿಯವರ ಸೇವೆಗೆ ವಾಪಸು ಹೋಗಿತ್ತು.

ಕಸ್ತೂರಿಯೂ ಕೆಲಸ ಬಿಟ್ಟಳು. ಹೆರಿಗೆಗೆ ನಮ್ಮ ದವಾಖಾನೆಯ ಮುಂದಿನಿಂದಲೇ ಟಾಂಗಾದಲ್ಲಿ ಹಾದು ಸರಕಾರಿ ದವಾಖಾನೆಗೆ ಹೋದಳು. ದಿನ ತುಂಬುವ ಮೊದಲೇ ಹೆರಿಗೆಯಾಗಿತ್ತು. ಕೂಸು ಅಂಗೈಯಗಲ ಇತ್ತು, ಅಳಲೂ ತ್ರಾಣವಿರಲಿಲ್ಲ. ಬದುಕುವುದೋ ಇಲ್ಲವೋ ಎಂದು ನಾವು ಒಬ್ಬರ ಮುಖ ಒಬ್ಬರು ನೋಡುತ್ತ ಕಳೆದ ಆ ದಿನಗಳಲ್ಲಿ ಸಾಹೇಬರ ಸಂಕಟ ಏನಾಗಿತ್ತು ಗೊತ್ತೇ? "ನಮ್ಮ ದವಾಖಾನಿ ಇದ್ದೂ ಆಕಿ ಅಲ್ಲಿಗೆ ಹೋದಳಂದ್ರ ಮಂದಿ ನನಗೇನಂತಾರ?" ಕೂಸು ಬದುಕಿತು, ಹುಡುಗಿ. ಬದುಕಿದ್ದು ತಾಯಿಯ ಎದೆಯ ಕಾವಿನಿಂದ, ನಮ್ಮ ಶಿಸ್ತಿನಿಂದಲ್ಲ.

ಆಮೇಲೆ ಒಬ್ಬೊಬ್ಬರೇ ಬಿಟ್ಟೆವು. ಕಾಗವಾಡದಲ್ಲಿ ಹೊಸದಾಗಿ ದವಾಖಾನೆ ತೆರೆದ ಒಬ್ಬ ಡಾಕ್ಟರ್‌ಬಾಯಿ ವತ್ಸಲಾಬಾಯಿಯನ್ನು ಕರೆಸಿಕೊಂಡಿದ್ದರು. ವತ್ಸಲಾಬಾಯಿ ನನ್ನನ್ನು ಕರೆಸಿಕೊಂಡರು. ಅಲ್ಲಿ ಮೊದಲ ದಿನ ನಾನು ಬೆಪ್ಪಾದೆ. ಬಾಗಿಲು ತೆಗೆಯುವ ಮೊದಲು ಡಾಕ್ಟರ್‌ಬಾಯಿ ಆಯಾ ಸಮೇತ ಎಲ್ಲರನ್ನೂ ಕೂಡಿಸಿ, "ನಿನ್ನೆ ಏನೇನು ತಪ್ಪಾತು ಹೇಳ್ರಿ. ಮೊದಲ ನಂದು ಹೇಳ್ತೀನಿ" ಎಂದು ಶುರುಮಾಡಿದರು. ಹೇಳಿದವರನ್ನು ಬೈಯುವಂತಿಲ್ಲ, ಬೈಯಬೇಕಾದರೆ ಒಳಗಿನ ಕೋಣೆಯಲ್ಲಿ. ವಾರ್ಡಿನ ಮಟ್ಟಿಗೆ ವತ್ಸಲಾಬಾಯಿಯದೇ ಕೊನೆಯ ಮಾತು. ಕೈಯಲ್ಲಿ ಕೆಲಸವಿಲ್ಲದಾಗ ಯಾರು ಬೇಕಾದರೂ ಕೂರಬಹುದು. ಇಷ್ಟೇ. ಇದಕ್ಕೆ ಹೊಸ ಯಂತ್ರ ಬೇಕೇ, ಪರದೇಶದ ಪದವಿ ಬೇಕೇ? 'ಆಗಿನ ಕಾಲ ಹಾಗಿತ್ತು' ಎನ್ನುವವರಿಗೆ ಹೇಳುತ್ತೇನೆ: ಕಾಗವಾಡದ್ದೂ ಆಗಿನ ಕಾಲವೇ.

ಕಳೆದ ತಿಂಗಳು ಚಿಕ್ಕೋಡಿಯಲ್ಲಿ ಒಂದು ಮದುವೆಗೆ ಹೋಗಿದ್ದೆ. ಊಟದ ಹೊತ್ತಿಗೆ ಸಾಹೇಬರು ಕಂಡರು. ತುಂಬ ವಯಸ್ಸಾಗಿದೆ. ಜನ ಸಾಲುಗಟ್ಟಿ ಕಾಲಿಗೆ ಬೀಳುತ್ತಿದ್ದರು. ನನ್ನ ಗುರುತು ಹಿಡಿದು ಕರೆದರು.

"ಒಂದು ಕೇಳ್ತೀನಿ. ಆವಾಗ ಯಾಕ ಎಲ್ಲಾರೂ ನನ್ನ ಬಿಟ್ಟು ಹೋದ್ರಿ? ನಾ ಏನು ಕಡಿಮಿ ಮಾಡಿದ್ದೆ?"

ಅವರ ದನಿಯಲ್ಲಿ ನಿಜವಾದ ನೋವಿತ್ತು. ನಾನು ಹೇಳಿದೆ, "ಸಾಹೇಬ್ರ, ಕಸ್ತೂರಿ ನೆನಪದಾಳೇನ್ರಿ?"

ಅವರು ಬಹಳ ಹೊತ್ತು ಯೋಚಿಸಿದರು. "ಯಾವ ಕಸ್ತೂರಿ?"

ಇಷ್ಟು ವರ್ಷ ನಾನು ಅಂದುಕೊಂಡಿದ್ದೆ, ಆ ಮನುಷ್ಯ ಒಳಗೊಳಗೇ ನಾಚಿಕೊಂಡಿರುತ್ತಾನೆ, ಹೇಳಲು ಬಾಯಿಲ್ಲ ಎಂದು. ನನ್ನ ಸಿಟ್ಟು ಅಷ್ಟರ ಮಟ್ಟಿಗೆ ಅವರನ್ನು ಗೌರವಿಸಿತ್ತು. ಈಗ ಆ ಗೌರವವೂ ಹೋಯಿತು. ಅಲ್ಲೇ, ಊಟದ ಗದ್ದಲದಲ್ಲೇ, ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿದರು. "ಹಂಗಂದಿದ್ನೇನು ನಾ?" ಎಂದರು. ಅಷ್ಟರಲ್ಲಿ ಯಾರೋ ಬಂದು ಅವರ ಕಾಲಿಗೆ ಬಿದ್ದರು.

ಮನೆಗೆ ಬಂದು ಕಸ್ತೂರಿಗೆ ಫೋನ್ ಮಾಡಿದೆ. ಸಾಹೇಬರಿಗೆ ಅವಳ ಹೆಸರೇ ನೆನಪಿಲ್ಲ ಎಂದೆ. ಅವಳೂ ಸಿಟ್ಟಾಗುತ್ತಾಳೆಂದು ಕಾದೆ.

"ಮರತಾರ? ನಶೀಬವಂತರು ಬಿಡಕ್ಕ" ಎಂದಳು. "ನಾನೂ ಮರೀಬೇಕಂತ ಭಾಳ ಮಾಡೀನಿ. ಆಗವಲ್ದು."